ಕಾಕಾನ ಕೈ ಅಳೆದ ಬೇಸಿಗೆ

ಹೋದ ತಿಂಗಳು ಕಾಲೇಜಿನ ಪರೀಕ್ಷೆಯ ಕೆಲಸಕ್ಕೆಂದು ಕಮಲಾಪುರಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಎಲ್ಲಿಂದಲೋ ಆ ವಾಸನೆ ಬಂತು. ಸುಟ್ಟ ಕಬ್ಬಿಣ, ಸುಟ್ಟ ಬಣ್ಣ, ಅದರ ಜೊತೆಗೆ ನಾಲಿಗೆಯ ಮೇಲೆ ಕೂರುವ ಒಂದು ಒಗರು. ರಸ್ತೆಯ ಆಚೆ ಯಾರೋ ಕಿಟಕಿಯ ಸರಳುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಕಣ್ಣಿಗೆ ಕಪ್ಪು ಗಾಜು ಬಿಟ್ಟರೆ ಮೂಗಿಗೆ ಒಂದು ಚಿಂದಿ ಬಟ್ಟೆಯೂ ಇಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೋಗಿ ಆ ಮನುಷ್ಯನ ಕೈಯಿಂದ ವೆಲ್ಡಿಂಗ್ ರಾಡಿನ ಹೋಲ್ಡರ್ ಕಸಿದುಕೊಳ್ಳಬೇಕು ಅನ್ನಿಸಿತು. ಕಸಿದುಕೊಂಡು ಏನಂತ ಹೇಳಲಿ? ಹೇಳುವ ಹಕ್ಕು ಒಂದು ಕಾಲಕ್ಕೆ ನನಗಿತ್ತು. ಒಂದೇ ಒಂದು ಬೇಸಿಗೆಯಲ್ಲಿ ಅದನ್ನು ಕೈಯಾರೆ ಕಳೆದುಕೊಂಡೆ. ಬಾಳೆಹಣ್ಣಿನ ಗಾಡಿಯ ನೆರಳಲ್ಲಿ ಸುಮ್ಮನೆ ನಿಂತುಬಿಟ್ಟೆ.

ನನಗೆ ಆರು ವರ್ಷ ತುಂಬುವುದರೊಳಗೆ ಅವ್ವ, ಅಪ್ಪ ಇಬ್ಬರೂ ಹೋಗಿದ್ದರು. ಸಾಕಿದ್ದು ಅಪ್ಪನ ತಮ್ಮ ಶಿವಶರಣಪ್ಪ ಕಾಕಾ ಮತ್ತು ಅವನ ಹೆಂಡತಿ ಶಾಂತಾ ಕಾಕು. ಅವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ಅವರ ಪ್ರೀತಿಯನ್ನೆಲ್ಲ ನಾನೊಬ್ಬಳೇ ಬಾಚಿಕೊಂಡೆ. ಕಮಲಾಪುರದಲ್ಲಿ ದೊಡ್ಡ ರಸ್ತೆಯ ಬದಿಗೆ ಕಾಕಾನ ತಗಡಿನ ಶೆಡ್ಡು. ಟ್ರ್ಯಾಕ್ಟರಿನ ಟ್ರ್ಯಾಲಿ, ಗೇಟು, ನೀರಿನ ಟ್ಯಾಂಕರ್, ಏನು ಬೇಕಾದರೂ ಮಾಡಿಕೊಡುತ್ತಿದ್ದ. ಊರಿಗೆಲ್ಲ ಅವನು ಮಿಸ್ತ್ರಿ. ಟ್ಯಾಂಕರಿನ ಒಳಗೆ ಇಳಿದು ವೆಲ್ಡಿಂಗ್ ಮಾಡುವುದಕ್ಕೆ ಉಳಿದವರೆಲ್ಲ ಹಿಂದೆಮುಂದೆ ನೋಡುತ್ತಿದ್ದರು. ಕಾಕಾ ಮಾತ್ರ ಲುಂಗಿ ಎತ್ತಿ ಕಟ್ಟಿ ಇಳಿದುಬಿಡುತ್ತಿದ್ದ. ಆ ಕಬ್ಬಿಣದ ಹೊಟ್ಟೆಯೊಳಗೆ ತಾಸುಗಟ್ಟಲೆ ಕೂತು ಹೊರಗೆ ಬಂದರೆ ಮೂಗಿನ ಕೆಳಗೆ ಎರಡು ಕಪ್ಪು ಗೆರೆ ಇರುತ್ತಿದ್ದವು. "ನೋಡು ಜಗು, ನಿಮ್ಮ ಕಾಕಾಗ ಹೊಸಾ ಮೀಸಿ ಬಂದಾವ" ಎಂದು ನನ್ನನ್ನು ನಗಿಸುತ್ತಿದ್ದ. ತಾನೂ ನಗುತ್ತಿದ್ದ. ಅವನ ನಗು ಎದುರಿನ ಚಹಾದ ಅಂಗಡಿಗೆ ಕೇಳುತ್ತಿತ್ತು.

ನಾನು ಓದಿದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಆಯಿತು, ಪಿಎಚ್.ಡಿ.ಗೆ ಸೇರಿದೆ, ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದೆ. ಕೊನೆಯ ವರ್ಷದ ಶಿವರಾತ್ರಿಗೆ ಊರಿಗೆ ಹೋದಾಗ ಕಾಕಾನ ಕೈಯಲ್ಲಿ ಕಪ್ಪುಬಶಿ ಟಣಟಣ ಎನ್ನುತ್ತಿತ್ತು. ಚಹಾ ಅರ್ಧ ಬಶಿಗೆ, ಅರ್ಧ ಅಂಗಿಗೆ. "ಥಂಡಿ ನೋಡವ್ವಾ" ಅಂದ. ಕಲಬುರಗಿ ಸೀಮೆಯಲ್ಲಿ ಶಿವರಾತ್ರಿ ಹೊತ್ತಿಗೆ ಎಲ್ಲಿಯ ಥಂಡಿ! ಮರುದಿನ ಟ್ರ್ಯಾಲಿಯಿಂದ ಎರಡು ಹೆಜ್ಜೆ ಹಿಂದೆ ಸರಿಯಲು ಹೋಗಿ ದೊಪ್ಪನೆ ಅಂಗಾತ ಬಿದ್ದ. ಮುಂದೆ ನಡೆಯುವುದು ಸರಿ ಇತ್ತು, ಹಿಂದೆ ಸರಿಯುವುದು ಅವನ ಕಾಲಿಗೆ ಮರೆತುಹೋಗಿತ್ತು. ಅಡುಗೆಮನೆಯಲ್ಲಿ ಕಾಕು ರೊಟ್ಟಿ ಬಡಿಯುತ್ತ ತಲೆ ಎತ್ತದೆ ಹೇಳಿದಳು: "ಎರಡು ತಿಂಗಳಾತು, ನಿಮ್ಮ ಕಾಕಾ ನಕ್ಕಿಲ್ಲ. ನನ್ನ ಮ್ಯಾಲ ಸಿಟ್ಟಾಗ್ಯಾನ ಅಂತ ತಿಳಕೊಂಡು ನಾನೂ ಮಾತು ಬಿಟ್ಟಿದ್ದೆ. ಸಿಟ್ಟಲ್ಲವ್ವ ಅದು. ನಗಾಕ ಹೋಗ್ತಾನ, ಮಾರಿ ಬರವಲ್ದು."

ಕಲಬುರಗಿಯ ಒಬ್ಬ ಡಾಕ್ಟರ ಬಳಿ ಕರೆದೊಯ್ದೆ. ಕಂಪಕ್ಕೆ ಕೊಡುವ ಗುಳಿಗೆ ಕೊಟ್ಟರು, ಹತ್ತಲಿಲ್ಲ. ಸ್ಕ್ಯಾನ್ ಮಾಡಿಸಿದರು, ಖಚಿತವಾಗಿ ಏನೂ ಸಿಗಲಿಲ್ಲ. ಮೂರನೆಯ ಸಲ ಹೋದಾಗ ಅವರು ಕಾಕಾನ ಬೆರಳಿನ ಸುಟ್ಟ ಕಲೆಗಳನ್ನು ನೋಡಿ ಕೇಳಿದರು.

"ವೆಲ್ಡಿಂಗ್ ಮಾಡ್ತೀರೇನ್ರಿ? ಎಷ್ಟು ವರ್ಷ ಆತು?"

"ಮೀಸಿ ಬರೋಕಿಂತ ಮೊದ್ಲಿಂದ ರೀ."

"ಆ ರಾಡಿನ ಹೊಗಿಯೊಳಗ ಮ್ಯಾಂಗನೀಸ್ ಇರ್ತದ. ವರ್ಷಾನುಗಟ್ಲೆ ಎಳಕೊಂಡ್ರ ಮಿದುಳಿಗೆ ಏರ್ತದ, ಹಿಂಗ ಮಾಡ್ತದ. ಆದ್ರ ಅದೇ ಅಂತ ನಾ ಖಾತ್ರಿ ಹೇಳ್ಲಿಕ್ಕಾಗಂಗಿಲ್ಲ. ರಕ್ತದಾಗ ನಿನ್ನಿ ಮೊನ್ನಿದಷ್ಟೇ ತಿಳೀತದ. ಹಳೇದು ಎಲುಬಿನಾಗ ಕೂತಿರ್ತದ, ಅದನ್ನ ಅಳಿಯೋ ಸೌಲತ್ತು ನಮ್ಮ ಕಡೆ ಇಲ್ಲ. ನೀವು ಕೆಲಸ ಬಿಟ್ಟುಬಿಡ್ರಿ."

ಕಾಕಾ ಬಾಯಿ ತೆರೆಯುವ ಮೊದಲೇ ನಾನು ಕುರ್ಚಿಯಿಂದ ಎದ್ದಿದ್ದೆ. "ಸರ್, ನಾ ಮಾಡಾಕತ್ತಿದ್ದು ಅದನ್ನೇ ರೀ!" ಅಂದೆ.

ಖರೆಯೇ ಅದು. ನನ್ನ ಸಂಶೋಧನೆಯ ವಿಷಯವೇ ಕೈಯ ಎಲುಬಿನೊಳಗಿನ ಮ್ಯಾಂಗನೀಸನ್ನು ನ್ಯೂಟ್ರಾನ್‌ಗಳಿಂದ ಅಳೆಯುವುದು. ಆದರೆ ನಾನು ಅಳೆಯುತ್ತಿದ್ದುದು ಕಂಪ್ಯೂಟರಿನೊಳಗೆ. ನಮ್ಮ ಲ್ಯಾಬಿನಲ್ಲಿ ಮನುಷ್ಯನ ಕೈ ಇಡುವಂಥ ಯಂತ್ರ ಇರಲಿಲ್ಲ. ಅಂಥದೊಂದು ಯಂತ್ರ ಕಟ್ಟಿದರೆ ಅದಕ್ಕೆ ಮ್ಯಾಂಗನೀಸ್ ಕಂಡೀತೇ ಇಲ್ಲವೇ ಎಂದು ಮೊದಲು ಲೆಕ್ಕದಲ್ಲಿ ಕಂಡುಹಿಡಿಯುವುದಷ್ಟೇ ನನ್ನ ಕೆಲಸ. ಇದಿಷ್ಟನ್ನೂ ಅವತ್ತು ಆ ಕೋಣೆಯಲ್ಲಿ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ಹುಡುಗಿ ಡಾಕ್ಟರಿಗೇ ಗೊತ್ತಿಲ್ಲದ್ದು ಬಲ್ಲಳು ಎಂದು ಕಾಕಾ ನನ್ನ ಕಡೆ ನೋಡಿದ ನೋಟಕ್ಕೆ ನಾನು ಉಬ್ಬಿಹೋದೆ.

ಹೊರಗೆ ಬಂದು ಸೂಪರ್ ಮಾರ್ಕೆಟ್ ಪೇಟೆಯ ಒಂದು ಹೋಟೆಲ್ಲಿನಲ್ಲಿ ಕೂತೆವು. ಆಟೋಗಳ ಗದ್ದಲದಲ್ಲಿ ಕಾಕಾ ನನ್ನ ಕಡೆ ಬಾಗಿ ಅಂದ: "ಬರೇ ಅನುಮಾನಕ್ಕ ಕೈಯಾಗಿನ ಕೆಲಸ ಬಿಡಂಗಿಲ್ಲ ಜಗು. ವೆಲ್ಡಿಂಗ್ ಬಿಟ್ರ ನಾ ಯಾರು? ಹೊಲ ಇಲ್ಲ, ಅಂಗಡಿ ಇಲ್ಲ. ನೀ ಅಳತಿ ಮಾಡು. ಅದ ಅಂತ ತೋರಸು. ಅವತ್ತೇ ಹೋಲ್ಡರ್ ಕೆಳಗ ಇಡ್ತೀನಿ. ಇದು ನಿಮ್ಮಪ್ಪನ ಮ್ಯಾಲ ಆಣಿ."

ಹೀಗೆ ಶುರುವಾಯಿತು ಆ ಬೇಸಿಗೆ.

ಯುಗಾದಿ ಕಳೆದ ವಾರಕ್ಕೆ ಕಾಕಾ ಲ್ಯಾಬಿಗೆ ಬಂದ. ನನ್ನ ಗೈಡ್ ಮೊಯಿಜ್ ಸರ್ ಅವನನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಸರ್ ಮೆತ್ತಗಿನ ಮನುಷ್ಯ, ಮನೆಯಲ್ಲಿ ದಖನಿ ಉರ್ದು, ಲ್ಯಾಬಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಪುಸ್ತಕದಲ್ಲಿ ಕೊಟ್ಟ ಕೈಯ ಅಳತೆಗಳು ಎಲ್ಲೋ ದೂರದ ದೇಶದವರವು, ನಮ್ಮ ಮಂದಿಯ ಕೈಯದ್ದೇ ಅಳತೆ ಹಾಕೋಣ ಎಂದು ಅವರನ್ನು ಒಪ್ಪಿಸಿದ್ದೆ. ಹಾಗಾಗಿ ಕಾಕಾನ ಬೆರಳು, ಅಂಗೈ, ಮಣಿಕಟ್ಟು ಎಲ್ಲದರ ದಪ್ಪವನ್ನೂ ಕ್ಯಾಲಿಪರ್‌ನಿಂದ ಅಳೆದು ಬರೆದುಕೊಂಡೆ. ಗ್ರಾಫ್ ಹಾಳೆಯ ಮೇಲೆ ಅಂಗೈ ಇಡಿಸಿ ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದೆ. ಕೈ ನಿಲ್ಲಲೊಲ್ಲದು. ಮೂರು ಹಾಳೆ ಕೆಟ್ಟವು. ನಾಲ್ಕನೆಯದಕ್ಕೆ ಅವನೇ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದ.

"ಸರ್, ಈ ನ್ಯೂಟ್ರಾನ್ ಅಂದ್ರೇನ್ರಿ? ನೋವಾಗ್ತದೇನು?"

"ನೋವಿಲ್ಲ ಮಿಸ್ತ್ರಿ. ಕಣ್ಣಿಗೆ ಕಾಣದ ಸಣ್ಣ ಕಣ. ಚರ್ಮ, ಮಾಂಸ ದಾಟಿ ಎಲುಬಿಗೆ ಹೋಗ್ತದ. ಅಲ್ಲಿ ಮ್ಯಾಂಗನೀಸ್ ಇದ್ರ ಅದು ಈ ಕಣ ನುಂಗ್ತದ. ನುಂಗಿದ ಮ್ಯಾಲ ಅದಕ್ಕ ಸಮಾಧಾನ ಇರಲ್ಲ. ಎರಡು ಮೂರು ತಾಸಿನಾಗ ಒಂದು ಕಿರಣ ಹೊರಗ ಬಿಡ್ತದ. ಒಂದೊಂದು ಲೋಹದ ಕಿರಣಕ್ಕೂ ತನ್ನದೇ ಗುರುತು. ನಾವು ಹೊರಗ ಕೂತು ಎಣಸ್ತೀವಿ."

ಕಾಕಾ ಯೋಚಿಸಿದ. "ಅಂದ್ರ ಒಳಗ ಅಡಗಿ ಕೂತವನನ್ನ ಹೊರಗಿಂದ ಹೆಸರು ಹಿಡದು ಕರೀತೀರಿ. ಅವ ಓ ಅಂತಾನ."

"ಅರೆ ವಾಹ್!" ಸರ್ ಮೇಜು ಬಡಿದರು. "ಜಗದೇವಿ, ಇದನ್ನ ಥೀಸಿಸ್‌ನಾಗ ಹಾಕು ಬೇಟಾ."

ಕಾಕಾ ನಗಲು ಹೋದ. ತುಟಿಯ ಒಂದು ಮೂಲೆ ಅಲುಗಿ ನಿಂತಿತು. ನಾನು ಬೇರೆ ಕಡೆ ನೋಡಿದೆ.

ಆ ಅಳತೆಗಳಿಂದ ಕಂಪ್ಯೂಟರಿನಲ್ಲಿ ಒಂದು ಕೈ ಕಟ್ಟಿದೆ. ಚರ್ಮ, ಮಾಂಸ, ಎಲುಬು, ಪದರಪದರವಾಗಿ. ಯಾವ ಪದರದಲ್ಲಿ ಎಷ್ಟು ನೀರು, ಎಷ್ಟು ಸುಣ್ಣ, ಎಷ್ಟು ಉಪ್ಪು ಎಂದು ತುಂಬಿದೆ. ಆ ಫೈಲಿಗೊಂದು ಹೆಸರು ಬೇಕಲ್ಲ, "ಕಾಕಾನ ಕೈ" ಎಂದೇ ಇಟ್ಟೆ. ಪ್ರೀತಿಗೆ ಇಟ್ಟ ಹೆಸರು. ಆ ಹೆಸರೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಆ ಕೈಯ ಮೇಲೆ ಕೋಟಿಗಟ್ಟಲೆ ನ್ಯೂಟ್ರಾನ್‌ಗಳನ್ನು ಒಂದೊಂದಾಗಿ ಬಿಡಬೇಕು. ಪ್ರತಿಯೊಂದೂ ಎಲ್ಲಿ ತಿರುಗಿತು, ಎಲ್ಲಿ ಡಿಕ್ಕಿ ಹೊಡೆಯಿತು, ಯಾವುದು ಅದನ್ನು ನುಂಗಿತು ಎಂದು ಕಂಪ್ಯೂಟರ್ ಪ್ರತಿ ಹೆಜ್ಜೆಗೂ ದಾಳ ಉರುಳಿಸಿ ನಿರ್ಧರಿಸುತ್ತದೆ. ಒಂದು ಓಟಕ್ಕೆ ನಾಲ್ಕೈದು ದಿನ. ಆ ವರ್ಷದ ಬಿಸಿಲೋ, ಕೇಳಬೇಡಿ. ಬೆಳಿಗ್ಗೆ ಹತ್ತಕ್ಕೇ ಗೋಡೆ ಮುಟ್ಟಿದರೆ ಕೈ ಚುರುಕ್ ಎನ್ನುತ್ತಿತ್ತು. ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಯುಪಿಎಸ್ ಒಂದಿಷ್ಟು ಹೊತ್ತು ಕೀಂಕೀಂ ಎಂದು ಅತ್ತು ಪ್ರಾಣ ಬಿಡುತ್ತಿತ್ತು, ಮೂರು ದಿನದ ಓಟ ಮಣ್ಣುಪಾಲು. ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ನಾನು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ಊರಿನಿಂದ ಫೋನು ಬರುತ್ತಿತ್ತು. "ನನ್ನ ಕೈ ಏನಂತದ?" "ಇನ್ನೊಂದು ವಾರ, ಕಾಕಾ." ಹಿಂದುಗಡೆ ಗ್ರೈಂಡರಿನ ಕಿರ್ರೋ ಸದ್ದು ಕೇಳುತ್ತಿತ್ತು. ನನ್ನ ಒಂದೊಂದು ವಾರವೂ ಅವನ ಎದೆಗೆ ಒಂದೊಂದು ವಾರದ ಹೊಗೆ ಎಂದು ನೆನೆದರೆ ಹುಚ್ಚು ಹಿಡಿದಂತಾಗುತ್ತಿತ್ತು.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಎಲುಬಿನಲ್ಲಿ ನಿಜಕ್ಕೂ ಇರುವ ಮ್ಯಾಂಗನೀಸ್ ತೀರಾ ಸ್ವಲ್ಪ. ಅಷ್ಟನ್ನೇ ಹಾಕಿ ಓಡಿಸಿದರೆ ಲೆಕ್ಕ ಸರಿ ನಡೆದಿದೆಯೋ ಇಲ್ಲವೋ ಎಂದೇ ತಿಳಿಯುವುದಿಲ್ಲ. ಅದಕ್ಕೆ ಮೊದಲು ಬೇಕೆಂದೇ ನೂರು ಪಟ್ಟು ಸುರಿದು ಒಂದು ಓಟ ಓಡಿಸಿ ನೋಡುವುದು. ಕೈ ಸರಿ ಕಟ್ಟಿದ್ದೇನೆಯೇ ಎಂಬ ಪರೀಕ್ಷೆ ಅಷ್ಟೇ, ಆ ಹಾಳೆಯನ್ನು ಯಾರೂ ಹೊರಗೆ ತೋರಿಸುವುದಿಲ್ಲ. ಮೇ ಅರ್ಧದಲ್ಲಿ ನನ್ನ ಆ ಓಟ ಮುಗಿಯಿತು. ಮ್ಯಾಂಗನೀಸ್ ಇರಬೇಕಾದ ಜಾಗದಲ್ಲೇ ಗೆರೆ ನೆಟ್ಟಗೆ ಮೇಲೆದ್ದು ನಿಂತಿತ್ತು. ಖುಷಿಗೆ ಪ್ರಿಂಟ್ ತೆಗೆದು ಚೀಲಕ್ಕೆ ಹಾಕಿಕೊಂಡು ಭಾನುವಾರದ ಬಸ್ಸಿಗೆ ಕಮಲಾಪುರಕ್ಕೆ ಹೊರಟೆ.

ಶೆಡ್ಡಿನಲ್ಲಿ ಕಾಕಾ ಟ್ಯಾಂಕರಿನಿಂದ ಆಗಷ್ಟೇ ಹೊರಬಂದಿದ್ದ. ಕಂಬ ಹಿಡಿದು ಕೆಮ್ಮುತ್ತಿದ್ದ. ನನ್ನ ಕೈಯಲ್ಲಿದ್ದ ಹಾಳೆ ತೆಗೆದುಕೊಂಡ. ಮೇಲಿನ ಹೆಸರು ಓದಿದ, ಗೆರೆಯ ಮೇಲೆ ಬೆರಳಿಟ್ಟ.

"ಇದು ನಂದೇ ಕೈ ಏನು?"

"ಹೌದು, ನಿಂದೇ."

ಉದ್ದಗಲದ ಮಾತಾದರೆ ಸುಳ್ಳಲ್ಲ.

"ಈ ಎದ್ದು ನಿಂತದಲ್ಲ, ಇದೇ ಏನು ಅದು?"

"ಅದೇ."

"ಇಷ್ಟದೇನು!"

ಆಗ ಹೇಳಬಹುದಿತ್ತು. ಅಷ್ಟಿಲ್ಲ ಕಾಕಾ, ಅದನ್ನು ಸುರಿದವಳು ನಾನು, ನಿನ್ನದು ಇನ್ನೂ ಗೊತ್ತಿಲ್ಲ ಎಂದು. ಮೂರು ಮಾತು. ನಾಲಿಗೆ ಹೊರಳಲಿಲ್ಲ. ಯಾಕೆಂದರೆ ಕಾಕಾ ಆಗಲೇ ಮಷಿನ್ನಿನ ಬಳಿ ಹೋಗಿ ಸ್ವಿಚ್ಚು ತೆಗೆದಿದ್ದ. ಕೇಬಲ್ಲನ್ನು ಮೊಣಕೈಗೆ ಸುತ್ತಿ ಸುತ್ತಿ ಗೂಟಕ್ಕೆ ನೇತುಹಾಕಿದ. ಹೋಲ್ಡರನ್ನು ನೆಲದ ಮೇಲಿಟ್ಟ. "ಆತು. ಆಣಿ ಮಾಡಿದ್ದೆ" ಅಂದ. ಕಾಕು ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಆಮೇಲೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಇನ್ನೇನು ಬೇಕು? ಡಾಕ್ಟರಿಂದ ಆಗದ್ದನ್ನು ನನ್ನ ಒಂದು ಹಾಳೆ ಮಾಡಿತ್ತು. ಇರಲಿ ಬಿಡು, ಮುಂದಿನ ಓಟದಲ್ಲಿ ನಿಜವಾದ ಲೆಕ್ಕವೂ ಹೀಗೇ ಬರುತ್ತದೆ, ಆಗ ಸುಳ್ಳು ತಾನಾಗಿ ಸತ್ಯವಾಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಾನೆಂಥ ಶಾಣ್ಯಾಕಿ ನೋಡಿ.

ಮೂರು ವಾರ ಶೆಡ್ಡು ಮುಚ್ಚಿತ್ತು. ಆ ಮೂರು ವಾರ ನಾನು ನೆಮ್ಮದಿಯಿಂದ ಉಂಡೆ. ನಮ್ಮ ಕಡೆ ರಿಪೋರ್ಟು ಅಂದರೆ ಸುಮ್ಮನಲ್ಲ. ದವಾಖಾನೆಯ ಕಾಗದವನ್ನು ಜನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೋದ್ರೇಜ್ ಕಪಾಟಿನಲ್ಲಿ ಇಡುತ್ತಾರೆ, ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ. ಕಾಕಾನೂ ಹಾಗೇ ಮಾಡಿದ. ಟ್ಯಾಂಕರಿನ ಕೆಲಸ ಅರ್ಧಕ್ಕೆ ಬಿಟ್ಟೆಯಲ್ಲ ಮಿಸ್ತ್ರಿ ಎಂದು ಕೇಳಲು ಬಂದವರಿಗೆಲ್ಲ ಆ ಹಾಳೆ ಬಿಚ್ಚಿ ತೋರಿಸಿ, "ನಮ್ಮ ಜಗು ಅಳದಾಳ" ಎನ್ನುತ್ತಿದ್ದನಂತೆ. ಕೊನೆಗೊಂದು ದಿನ ನನಗೂ ಹೇಳದೆ, ಒಂದು ಗೊನೆ ಕೆಂಪು ಬಾಳೆಹಣ್ಣು ಹೊತ್ತು, ಮೊಯಿಜ್ ಸರ್‌ಗೆ ಉಪಕಾರ ಹೇಳಿ ಬರುತ್ತೇನೆಂದು ಕಲಬುರಗಿಗೆ ಬಂದ.

ನಾನು ಲೈಬ್ರರಿಯಿಂದ ಬಂದಾಗ ಇಬ್ಬರೂ ಎದುರುಬದುರು ಕೂತಿದ್ದರು. ನಡುವೆ ಆ ಹಾಳೆ ಇತ್ತು. ಸರ್ ತಮ್ಮ ಎಂದಿನ ಮೆತ್ತಗಿನ ದನಿಯಲ್ಲಿ, ಏನೂ ಅರಿಯದೆ, ಹೇಳುತ್ತಿದ್ದರು: "ಇಲ್ಲ ಮಿಸ್ತ್ರಿ, ನಿಮಗ ತಪ್ಪು ತಿಳುವಳಿಕಿ ಆಗ್ಯಾದ. ಇದು ನಿಮ್ಮ ಕೈದು ರಿಪೋರ್ಟ್ ಅಲ್ಲ. ಇದು ಟೆಸ್ಟ್ ಓಟ. ಈ ಮ್ಯಾಂಗನೀಸ್ ಜಗದೇವಿನೇ ಹಾಕ್ಯಾಳ, ನೂರು ಪಟ್ಟು."

ಕಾಕಾ ನನ್ನ ಕಡೆ ತಿರುಗಿದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಮುಖದಲ್ಲಿ ಸಿಟ್ಟು ಕೂಡ ಮೂಡಲಾರದಲ್ಲ, ಸುಮ್ಮನೆ ನೋಡಿದ. ಎದ್ದು, ಹಾಳೆಯನ್ನು ಮತ್ತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಗೊನೆಯನ್ನು ಮೇಜಿನ ಮೇಲೆಯೇ ಬಿಟ್ಟು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹೊರಗೆ ಹೋದ. ಸರ್ ತಲೆ ಹಿಡಿದುಕೊಂಡರು. "ಯೇ ಕ್ಯಾ ಕರೀ ಬೇಟಾ, ಏನು ಮಾಡಿದಿ ಇದು? ಅವರಿಗೆ ಹೇಳಿರಲಿಲ್ಲೇನು ನೀ?" ನಾನು ಅತ್ತೆ. ಮರುದಿನ ಕಾಕು ಫೋನು ಮಾಡಿದಾಗ ಹಿಂದುಗಡೆ ಗ್ರೈಂಡರಿನ ಸದ್ದಿತ್ತು.

ಆಮೇಲಿನ ದಿನಗಳಲ್ಲಿ ನಾನು ಮನುಷ್ಯಳಂತೆ ಇರಲಿಲ್ಲ. ನಿಜವಾದ ಓಟ ಬಾಕಿ ಇತ್ತಲ್ಲ, ಅದೊಂದೇ ಆಸೆ. ಆ ಗೆರೆ ಒಂದು ಚೂರು ಎದ್ದರೂ ಸಾಕು, ಕಾಕಾನ ಕಾಲಿಗೆ ಬಿದ್ದು, ಇಷ್ಟಿದ್ದರೂ ಯಂತ್ರಕ್ಕೆ ಕಾಣುತ್ತದೆ, ಇದಾದರೂ ಖರೆ ಎಂದು ಹೇಳಬಹುದು. ಬಹಳ ವರ್ಷ ಹೊಗೆ ಕುಡಿದವರ ಎಲುಬಿನಲ್ಲಿ ಇರಬಹುದಾದಷ್ಟನ್ನೇ ಹಾಕಿದೆ. ಎರಡು ಸಲ ಕರೆಂಟು ಹೋಗಿ ಓಟ ಸತ್ತಿತು. ಮೂರನೆಯದು ಮುಗಿದಾಗ ಮಿರಗದ, ಅಂದರೆ ಮೃಗಶಿರದ ಮಳೆಯ ಮೊದಲ ಹನಿ ಬೀಳುತ್ತಿತ್ತು. ಪರದೆಯ ಮೇಲೆ ಏನೂ ಇರಲಿಲ್ಲ. ಕೈಯೊಳಗಿನ ಉಪ್ಪು, ಸುಣ್ಣ ಎಲ್ಲವೂ ತಮ್ಮ ತಮ್ಮ ಕಿರಣ ಬಿಟ್ಟು ಗದ್ದಲ ಎಬ್ಬಿಸಿದ್ದವು. ಆ ಗದ್ದಲದಲ್ಲಿ ಮ್ಯಾಂಗನೀಸಿನ ದನಿ ಮುಳುಗಿಹೋಗಿತ್ತು.

"ನ್ಯೂಟ್ರಾನ್ ಹೆಚ್ಚು ಬಿಡ್ತೀನಿ ಸರ್. ಹತ್ತು ಪಟ್ಟು ಬಿಟ್ರ ಕಾಣ್ತದ."

"ಕಾಣ್ತದ. ಆದ್ರ ಅಷ್ಟು ಬಿಟ್ರ ಖರೇ ಮನುಷ್ಯನ ಕೈಗೆ ಧೋಕಾ, ಅಪಾಯ. ಅಂಥ ಅಳತಿ ಯಾವ ಡಾಕ್ಟರೂ ಒಪ್ಪಲ್ಲ."

"ಇದು ಕಂಪ್ಯೂಟರಿನ ಕೈ ಸರ್, ಇದಕ್ಕೇನಾಗ್ತದ!"

ಸರ್ ಪರದೆಯಿಂದ ನನ್ನ ಕಡೆ ತಿರುಗಿದರು. "ಒಂದು ಸಲ ಮಾಡಿದ್ದು ಸಾಕಾಗಿಲ್ಲೇನು?" ಅಂದರು. "ಕಾಣಲಿಲ್ಲ ಅಂತ ಬರಿ. ಈ ಯಂತ್ರದಿಂದ ಆಗಲ್ಲ ಅಂತ ಗೊತ್ತಾತಲ್ಲ, ಅದೂ ಫಲಿತಾಂಶನೇ."

ಅವರಿಗೆ ಫಲಿತಾಂಶ. ನನಗೆ?

ಮಳೆಯಲ್ಲೇ ಕಮಲಾಪುರಕ್ಕೆ ಹೋದೆ. ಕಾಕಾ ಮನೆಯ ಪಡಸಾಲೆಯಲ್ಲಿ ಕೂತಿದ್ದ. ಕಾಕು ಅವನಿಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ತಪ್ಪಾಯಿತು, ಸುಳ್ಳು ಹೇಳಿದೆ, ನೀನು ಕೆಲಸ ಬಿಡಲಿ ಅಂತ ಹೇಳಿದೆ. ನಿಜವಾದ ಲೆಕ್ಕ ಈಗ ಬಂದಿದೆ.

"ಕಂಡ್ತೋ, ಇಲ್ಲೋ?"

"ಕಾಣಲಿಲ್ಲ ಕಾಕಾ. ಕಾಣಲಿಲ್ಲ ಅಂದ್ರ ಇಲ್ಲ ಅಂತ ಅಲ್ಲ. ಇದ್ರೂ ಆ ಯಂತ್ರಕ್ಕ ಕಾಣಂಗಿಲ್ಲ. ನಿನ್ನ ಕೈ ಖರೇನ ಇನ್ನೂ ಯಾರೂ ಅಳದಿಲ್ಲ. ಡಾಕ್ಟರ್ ಹೇಳಿದ್ದು ಹಂಗೇ ಅದ. ಬಿಡು, ನಿನ್ನ ಕಾಲಿಗೆ ಬೀಳ್ತೀನಿ."

ಕಾಕಾ ಬಾಯಲ್ಲಿದ್ದ ತುತ್ತು ನುಂಗಿದ. ಈಗೀಗ ನುಂಗುವುದಕ್ಕೂ ಅವನಿಗೆ ಹೊತ್ತು ಹಿಡಿಯುತ್ತಿತ್ತು. "ಇಲ್ಲದಾಗ ಅದ ಅಂದಿ. ಈಗ ಕಾಣಂಗಿಲ್ಲ ಅಂತಿ, ಆದ್ರೂ ಇರಬಹುದು ಅಂತಿ. ನಾ ಯಾವ ಜಗು ಮಾತು ಕೇಳ್ಲಿ?" ಎಂದ. ಕಾಕುವಿನ ಕೈಯ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ ಅಂದ: "ಮನ್ಯಾಗ ಹೇಳೋದು ಬ್ಯಾಡ. ಮನ್ಯಾಗ ನೀ ನನ್ನ ಮಗಳು, ನನ್ನ ಉಳಿಸ್ಕೊಳ್ಳಾಕ ಏನಾದ್ರೂ ಹೇಳ್ತಿ. ನಿನ್ನ ಪರೀಕ್ಷಾಕ್ಕ ದೊಡ್ಡ ಮಂದಿ ಬರ್ತಾರಲ್ಲ, ಅವರ ಮುಂದ ಹೇಳು. ಅಲ್ಲಿ ಸುಳ್ಳು ನಡೆಯಂಗಿಲ್ಲ. ಅಲ್ಲಿ ನೀ ಏನು ಹೇಳ್ತಿ, ಅದನ್ನ ನಂಬ್ತೀನಿ."

ಪಿಎಚ್.ಡಿ.ಯ ಕೊನೆಯ ಮೌಖಿಕ ಪರೀಕ್ಷೆ ಎಲ್ಲರೆದುರೇ ನಡೆಯುತ್ತದೆ. ಮನೆಯವರು ಹೊಸ ಬಟ್ಟೆ ಹಾಕಿಕೊಂಡು ಬಂದು ಹಿಂದೆ ಕೂರುತ್ತಾರೆ, ಒಂದಕ್ಷರ ತಿಳಿಯದಿದ್ದರೂ ತಲೆದೂಗುತ್ತಾರೆ, ಮುಗಿದ ಮೇಲೆ ಶಾಲು, ಹಾರ, ಊಟ. ನನ್ನದು ದೀಪಾವಳಿಯ ಆಚೆ ನಡೆಯಿತು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದ. ಗುಂಡಿಗಳನ್ನು ಕಾಕು ಹಾಕಿರಬೇಕು. ಹೊರಗಿನ ಪರೀಕ್ಷಕರು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟೆ. ಕೊನೆಗೆ ಅಧ್ಯಕ್ಷರು ರೂಢಿಯಂತೆ, ಸಭೆಯಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದರು. ಯಾರೂ ಕೇಳುವುದಿಲ್ಲ. ಎಲ್ಲರಿಗೂ ಊಟದ ಚಿಂತೆ.

ಕಾಕಾ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತ. ಕುರ್ಚಿ ಕಟಕಟ ಅಲುಗಿತು.

"ನಂದೊಂದು ಮಾತು ಅದ ರೀ. ಮ್ಯಾಂಗನೀಸ್ ಕಾಣಲಿಲ್ಲ ಅಂತ ಬರದಾರಲ್ಲ, ಇದನ್ನ ಓದಿ ಒಬ್ಬ ವೆಲ್ಡಿಂಗ್ ಮಿಸ್ತ್ರಿ ತನ್ನ ಕೆಲಸ ಬಿಡಬೇಕೋ, ಬ್ಯಾಡೋ?"

ಸಭೆ ಮೆಚ್ಚಿ ನಕ್ಕಿತು. ಪರೀಕ್ಷಕರು ಒಳ್ಳೆಯ ಪ್ರಶ್ನೆ ಎಂದು ನನ್ನ ಕಡೆ ತಿರುಗಿದರು. ಬಿಡಬೇಕು ಅನ್ನಬೇಕು. ಒಂದೇ ಪದ. ಯಾವ ಆಧಾರದ ಮೇಲೆ ಎಂದು ಪರೀಕ್ಷಕರು ಕೇಳುತ್ತಾರೆ. ಮೊದಲು ಅದ ಅಂತ ಕಾಗದ ಕೊಟ್ಟಿದ್ದಳಲ್ಲ ಎಂದು ಕಾಕಾ ಹೇಳಿಬಿಟ್ಟರೆ? ಆ ಪ್ಲಾಸ್ಟಿಕ್ ಚೀಲ ಅವನ ಕಂಕುಳಲ್ಲಿತ್ತು. ಆರು ವರ್ಷದ ಓದು, ಅವನೇ ಓದಿಸಿದ ಓದು, ಅಲ್ಲೇ ನೆಲಕ್ಕೆ ಬೀಳುತ್ತದೆ ಎಂದು ಹೆದರಿದೆ. ನನ್ನ ಬಾಯಿಂದ ಬಂದದ್ದು ಇಷ್ಟು: "ಈ ಅಧ್ಯಯನದ ಮಿತಿಯೊಳಗೆ ಆ ಬಗ್ಗೆ ಯಾವ ತೀರ್ಮಾನವನ್ನೂ ಹೇಳಲು ಬರುವುದಿಲ್ಲ."

ಪರೀಕ್ಷಕರು ಸಂತೋಷದಿಂದ ತಲೆಯಾಡಿಸಿದರು. ಒಂದಕ್ಷರ ತಪ್ಪಿಲ್ಲದ ಉತ್ತರ. ಮೊಯಿಜ್ ಸರ್ ಮಾತ್ರ ತಲೆ ತಗ್ಗಿಸಿದ್ದರು. ಕಾಕಾ, "ಆತ್ರಿ" ಎಂದು ಕೂತ. ಊಟ ಮಾಡಿದ, ನನ್ನ ತಲೆ ಮೇಲೆ ಕೈಯಿಟ್ಟು, "ಡಾಕ್ಟರ್ ಆದಿ ನೋಡವ್ವಾ" ಅಂದ. ಮರುದಿನ ಶೆಡ್ಡಿಗೆ ಹೋದ. ಇನ್ನೂ ಎರಡು ವರ್ಷ ಹೋದ. ಹೋಲ್ಡರ್ ಹಿಡಿಯಲು ಬೆರಳು ಬರದಾದ ಮೇಲೆ ನಿಂತ. ಆಗ ಬಿಟ್ಟು ಪ್ರಯೋಜನವೇನು? ಒಳಗಿನದು ತನ್ನ ಕೆಲಸ ಬಿಡಲಿಲ್ಲ.

ಅವತ್ತು ಬಾಳೆಹಣ್ಣಿನ ಗಾಡಿಯಿಂದ ಪರೀಕ್ಷೆಯ ಕೆಲಸಕ್ಕೆ ಹೋಗಿ, ಸಂಜೆ ಮನೆಗೆ ಹೋದೆ. ವಾರಕ್ಕೊಮ್ಮೆ ಹೋಗುತ್ತೇನೆ. ಕಾಕು ಕಾಕಾನ ಕುತ್ತಿಗೆಗೆ ಟವೆಲ್ಲು ಕಟ್ಟಿ, ಬಶಿಯಲ್ಲಿ ಚಹಾ ಆರಿಸಿ ಕುಡಿಸುತ್ತಿದ್ದಳು. "ಹೊಸಾ ಯಂತ್ರ ಬಂದಾವಂತ ಕಾಕಾ, ಕೈ ಇಟ್ರ ಎಲುಬಿನಾಗಿಂದು ತಿಳೀತದಂತ" ಎಂದು ನಾನು ಯಾಕೆ ಹೇಳಿದೆನೋ, ಹಾಳು ಬಾಯಿ. ಸುಮ್ಮನೆ ಕೂರಲು ಆಗದೆ ಹೇಳಿದ್ದು.

ಅವನ ಮಾತು ಈಗ ಬಹಳ ಮೆಲ್ಲಗೆ, ಕಿವಿ ಹತ್ತಿರ ಒಯ್ಯಬೇಕು. ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ ನನ್ನ ಕಡೆ ಚಾಚಿದ. ಕೈ ಗಾಳಿಯಲ್ಲಿ ಬಡಿದುಕೊಳ್ಳುತ್ತಿತ್ತು.

"ಈಗ ಅಳತಿ ಮಾಡವ್ವಾ," ಅಂದ. "ಈಗ ಕಾಣ್ತದ."

ತಮಾಷೆಗೆ ಅಂದನೋ, ಬೈದನೋ, ನಗುತ್ತಿದ್ದನೋ, ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಮುಖದಲ್ಲಿ ಏನೂ ಇರಲಿಲ್ಲ.